ವೀಡಿಯೋ ನೋಡಿ ಕಲಿಯೋದು ಹೇಗೆ, ಕಲಿತಿದ್ದನ್ನ ವೀಡಿಯೋ ಮಾಡಿ ಹಂಚೋದು ಹೇಗೆ

ಯೂಟ್ಯೂಬಲ್ಲಿ ಸಿಗದೇ ಇರೋ ವಿಷಯ ಇಲ್ಲ ಅಂತಾರೆ, ನಿಜಾನೇ, ಆದ್ರೆ ವರ್ಷಗಟ್ಟಲೆ ನೋಡಿದ್ರೂ ಕೈಗೆ ಒಂದು ಕೆಲಸ ಹತ್ತದೇ ಇರೋರೂ ನಮ್ಮ ಸುತ್ತ ಬೇಕಾದಷ್ಟು ಜನ ಇದಾರೆ. ಗಿಟಾರ್ ಪಾಠ ರಾಶಿ ನೋಡಿರ್ತಾರೆ, ಗಿಟಾರ್ ಮೇಲೆ ಧೂಳು ಕೂತಿರುತ್ತೆ. ಎಕ್ಸೆಲ್ ಪ್ಲೇಲಿಸ್ಟ್ ಸೇವ್ ಆಗಿರುತ್ತೆ, ಆಫೀಸಲ್ಲಿ ಮಾತ್ರ ಇನ್ನೂ ಕ್ಯಾಲ್ಕುಲೇಟರ್ ಒತ್ತಿ ಬಂದ ಟೋಟಲ್ಲನ್ನ ಎಕ್ಸೆಲ್ ಒಳಗೆ ಟೈಪ್ ಮಾಡ್ತಿರ್ತಾರೆ. ಬುದ್ಧಿ ಕಮ್ಮಿ ಅಂತಲ್ಲ, ಟೈಮ್ ಇಲ್ಲ ಅಂತಾನೂ ಅಲ್ಲ, ಒಂದೇ ಒಂದು ಬಟನ್ ಒತ್ತಲ್ಲ ಅಷ್ಟೇ. ಪಾಜ್ ಬಟನ್. ನನ್ನ ಪ್ರಕಾರ ಇಡೀ ಆಟ ಇರೋದೇ ಅಲ್ಲಿ, ನೋಡಿ ಕಲಿಯೋದಕ್ಕೂ ಅದೇ, ನಾವೇ ವೀಡಿಯೋ ಮಾಡಿ ಬೇರೆಯವರಿಗೆ ಹೇಳಿಕೊಡೋದಕ್ಕೂ ಅದೇ.

ಖಾನ್ ಅಕಾಡೆಮಿ ಮಾಡಿದ ಸಲ್ಮಾನ್ ಖಾನ್ ಗೊತ್ತಲ್ವಾ (ಸಿನಿಮಾದವರಲ್ಲ, ಅಮೆರಿಕದಲ್ಲಿರೋರು), ಅವರು 2004ರಲ್ಲಿ ದೂರದೂರಲ್ಲಿದ್ದ ಕಸಿನ್ ನಾದಿಯಾ ಅನ್ನೋ ಹುಡುಗಿಗೆ ಫೋನಲ್ಲಿ ಗಣಿತ ಹೇಳಿಕೊಡೋಕೆ ಶುರು ಮಾಡಿದ್ರು, ಆಮೇಲೆ ಇನ್ನೊಂದಷ್ಟು ಕಸಿನ್‌ಗಳು ಸೇರ್ಕೊಂಡು ಎಲ್ಲರಿಗೂ ಟೈಮ್ ಹೊಂದಿಸೋದು ಕಷ್ಟ ಆಗಿ 2006ರಲ್ಲಿ ಪಾಠಾನ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ರು. ಅದನ್ನ ನೋಡಿದ ಮಕ್ಕಳು ಏನಂದ್ರು ಅಂದ್ರೆ, ನೀನು ಎದುರಿಗೆ ಕೂತು ಹೇಳಿಕೊಡೋದಕ್ಕಿಂತ ಯೂಟ್ಯೂಬಲ್ಲೇ ವಾಸಿ ಅಂತ! ಇದನ್ನ ಅವರೇ 2011ರ ಟೆಡ್ ಭಾಷಣದಲ್ಲಿ ನಗ್ತಾ ಹೇಳ್ಕೊಂಡಿದಾರೆ. ಕಾರಣ ಸಿಂಪಲ್, ಎದುರಿಗಿರೋ ಅಣ್ಣನ ಹತ್ರ "ಇನ್ನೊಂದ್ಸಲ ಹೇಳು" ಅಂತ ಕೇಳೋಕೆ ನಾಚಿಕೆ, ವೀಡಿಯೋನ ನಿಲ್ಲಿಸಿ ಹಿಂದಕ್ಕೆ ತಗೊಂಡ್ರೆ ಯಾರೂ ಬೈಯಲ್ಲ. ಮೂರು ವಾರದ ಹಿಂದೆ ಕಲಿಬೇಕಿದ್ದನ್ನ ಇವತ್ತು ನೋಡಿದ್ರೂ ಯಾರಿಗೂ ಗೊತ್ತಾಗಲ್ಲ. ಅಂದ್ರೆ ವೀಡಿಯೋದ ಶಕ್ತಿ ಇರೋದೇ ನಿಲ್ಲಿಸೋದ್ರಲ್ಲಿ, ನಾವು ಮಾತ್ರ ಅದನ್ನ ಟೀವಿ ಥರ ಹರಿಯೋಕೆ ಬಿಟ್ಟು ಊಟ ಮಾಡ್ತಾ ನೋಡ್ತೀವಿ.

ಮೊದಲು ಸರಿಯಾಗಿ ಹುಡುಕಿ

ಏನು ಕಲಿಬೇಕು ಅನ್ನೋದನ್ನ ಒಂದು ವಾಕ್ಯದಲ್ಲಿ ಬರ್ಕೊಳ್ಳಿ, ಮೊಬೈಲ್ ನೋಟ್ಸಲ್ಲೇ ಆಗ್ಲಿ. "ಎಕ್ಸೆಲ್ ಕಲಿಬೇಕು" ಅಂತಲ್ಲ, "ಸೊಸೈಟಿಯ ತಿಂಗಳ ಹಾಲಿನ ಲೆಕ್ಕ ಎಕ್ಸೆಲ್ಲಲ್ಲಿ ಹಾಕಿ ಟೋಟಲ್ ತಾನಾಗೇ ಬರೋ ಹಾಗೆ ಮಾಡ್ಬೇಕು" ಅಂತ. ಎರಡನೇದಕ್ಕೆ ಯಾವ ವೀಡಿಯೋ ಬೇಕು, ಯಾವುದು ಬೇಡ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ, ಮೊದಲನೇದಕ್ಕೆ ಜನ್ಮ ಪೂರ್ತಿ ನೋಡಿದ್ರೂ ಮುಗಿಯಲ್ಲ.

ಆಮೇಲೆ ಹುಡುಕುವಾಗ ಒಂದೇ ವಿಷಯಾನ ಮೂರು ಥರ ಟೈಪ್ ಮಾಡಿ ನೋಡಿ: ಒಂದು ಕನ್ನಡ ಲಿಪೀಲಿ, ಇನ್ನೊಂದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಮತ್ತೊಂದು ಪೂರ್ತಿ ಇಂಗ್ಲಿಷಲ್ಲಿ. ಮೂರಕ್ಕೂ ಬರೋ ರಿಸಲ್ಟ್ ಬೇರೆ ಬೇರೆ. ನಮ್ಮ ಕಡೆಯವರು ಎಷ್ಟೋ ಜನ ಒಳ್ಳೇ ವೀಡಿಯೋ ಮಾಡಿ ಟೈಟಲ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರ್ತಾರೆ, ಅದು ಕನ್ನಡ ಲಿಪೀಲಿ ಹುಡುಕಿದ್ರೆ ಮೇಲೆ ಬರೋದೇ ಇಲ್ಲ. ಊರಿನ ಮಾತಲ್ಲಿ ಆ ವಸ್ತುವಿಗೆ ಏನು ಹೆಸರು ಇದೆ ಅದನ್ನೂ ಹಾಕಿ ನೋಡಿ. ಫಿಲ್ಟರ್ ಅಂತ ಇರುತ್ತಲ್ಲ, ಅದ್ರಲ್ಲಿ ವೀಡಿಯೋದ ಉದ್ದ ಮತ್ತೆ ಅಪ್ಲೋಡ್ ಆದ ದಿನ ಸೆಟ್ ಮಾಡ್ಬಹುದು. ಆ್ಯಪ್, ಸಾಫ್ಟ್‌ವೇರ್, ಸರ್ಕಾರಿ ಆನ್‌ಲೈನ್ ಅರ್ಜಿ ಇಂಥವಕ್ಕೆ ಹೊಸ ವೀಡಿಯೋನೇ ನೋಡಿ, ಎರಡು ವರ್ಷ ಹಳೇದಾದ್ರೆ ಸ್ಕ್ರೀನೇ ಬದಲಾಗಿರುತ್ತೆ. ಬಡಗಿ ಕೆಲಸ, ಹೊಲಿಗೆ, ಗಣಿತ ಇವಕ್ಕೆ ಹಳೇದಾದ್ರೂ ಏನೂ ತೊಂದ್ರೆ ಇಲ್ಲ.

ಇಂಗ್ಲಿಷ್ ವೀಡಿಯೋ ಸ್ಪೀಡಾಗಿ ಮಾತಾಡಿ ತಲೆ ತಿಂತಿದ್ರೆ ಕ್ಯಾಪ್ಷನ್ ಆನ್ ಮಾಡಿ, ಕಂಪ್ಯೂಟರಲ್ಲಿ ನೋಡ್ತಿದ್ರೆ ಅದರ ಸೆಟಿಂಗ್ಸಲ್ಲಿ ಆಟೋ ಟ್ರಾನ್ಸ್‌ಲೇಟ್ ಕೊಟ್ಟು ಕನ್ನಡ ಆರಿಸ್ಕೋಬಹುದು. ಕನ್ನಡ ನಗು ಬರೋ ಹಾಗಿರುತ್ತೆ ಒಂದೊಂದ್ಸಲ, ಆದ್ರೂ ವಿಷಯ ಏನು ಅಂತ ಹಿಡ್ಕೋಬಹುದು.

ಯೂಟ್ಯೂಬ್ ಒಂದೇ ಅಲ್ಲ

ಕನ್ನಡದಲ್ಲಿ ಕಂಪ್ಯೂಟರ್ ಕಲಿಯೋಕೆ ನಾನು ಮೊದಲು ಹೇಳೋ ಹೆಸರು ಸ್ಪೋಕನ್ ಟ್ಯುಟೋರಿಯಲ್. ಐಐಟಿ ಬಾಂಬೆಯವರದ್ದು, ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರು ಶುರು ಮಾಡಿದ್ದು, ಪಾಠ ನೋಡೋದು ಫ್ರೀ. ಲಿಬ್ರೆ ಆಫೀಸ್, ಲಿನಕ್ಸ್, ಪೈಥಾನ್, ಜಿಂಪ್ ಹೀಗೆ ಫ್ರೀ ಸಾಫ್ಟ್‌ವೇರ್‌ಗಳ ಮೇಲೆ ಹತ್ತು ಹತ್ತು ನಿಮಿಷದ ಪಾಠಗಳು, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗೆ ಡಬ್ ಮಾಡಿದಾರೆ. ಇದರಲ್ಲಿ ನಂಗೆ ಇಷ್ಟ ಆಗೋದು ಏನಂದ್ರೆ ಮಾತು ಕನ್ನಡ, ಸ್ಕ್ರೀನ್ ಮೇಲಿನ ಮೆನು ಮಾತ್ರ ಇಂಗ್ಲಿಷಲ್ಲೇ ಇರುತ್ತೆ, ಯಾಕಂದ್ರೆ ನಾಳೆ ಕೆಲಸಕ್ಕೆ ಹೋದ ಕಡೆ ಕಂಪ್ಯೂಟರಲ್ಲಿ ಇರೋದು ಆ ಇಂಗ್ಲಿಷ್ ಮೆನುವೇ ತಾನೇ. ಇನ್ನೊಂದು, ಅವರು ವೀಡಿಯೋನ ಪೂರ್ತಿ ಸ್ಕ್ರೀನಲ್ಲಿ ನೋಡ್ಬೇಡಿ ಅಂತಾನೇ ಹೇಳ್ತಾರೆ! ಅರ್ಧ ಸ್ಕ್ರೀನಲ್ಲಿ ವೀಡಿಯೋ, ಇನ್ನರ್ಧದಲ್ಲಿ ಆ ಸಾಫ್ಟ್‌ವೇರ್ ಓಪನ್ ಇಟ್ಕೊಂಡು, ಅವರು ಒಂದು ಸ್ಟೆಪ್ ಮಾಡಿದ ತಕ್ಷಣ ನಿಲ್ಲಿಸಿ ನೀವೂ ಅದೇ ಸ್ಟೆಪ್ ಮಾಡಿ, ನಿಮ್ಮ ಸ್ಕ್ರೀನೂ ಅವರ ಸ್ಕ್ರೀನೂ ಒಂದೇ ಥರ ಕಾಣ್ತಿದೆಯಾ ನೋಡಿ ಮುಂದೆ ಹೋಗ್ಬೇಕು. ಡೌಟ್ ಬಂದ್ರೆ ಯಾವ ಪಾಠದ ಎಷ್ಟನೇ ನಿಮಿಷ ಎಷ್ಟನೇ ಸೆಕೆಂಡಲ್ಲಿ ಅಂತ ನಮೂದಿಸಿ ಪ್ರಶ್ನೆ ಕೇಳೋ ವ್ಯವಸ್ಥೆ ಇದೆ. "ಸಾರ್ ಅರ್ಥ ಆಗ್ಲಿಲ್ಲ" ಅನ್ನೋ ಪ್ರಶ್ನೆಗೂ "4 ನಿಮಿಷ 20 ಸೆಕೆಂಡಲ್ಲಿ ನೀವು ಒತ್ತಿದ ಬಟನ್ ನನ್ನಲ್ಲಿ ಕಾಣ್ತಿಲ್ಲ" ಅನ್ನೋ ಪ್ರಶ್ನೆಗೂ ಎಷ್ಟು ವ್ಯತ್ಯಾಸ ನೋಡಿ.

ಇಂಜಿನಿಯರಿಂಗ್, ಸೈನ್ಸ್ ಓದೋರಿಗೆ ಎನ್‌ಪಿಟೆಲ್ ಇದ್ದೇ ಇದೆ, ಐಐಟಿಗಳು ಮತ್ತೆ ನಮ್ಮ ಬೆಂಗಳೂರಿನ ಐಐಎಸ್ಸಿ ಸೇರಿ ಮಾಡಿರೋದು. ಕ್ಲಾಸು ಫ್ರೀ, ಸರ್ಟಿಫಿಕೇಟ್ ಬೇಕಂದ್ರೆ ಮಾತ್ರ ಫೀಸ್ ಕಟ್ಟಿ ಎಕ್ಸಾಮ್ ಬರೀಬೇಕು. ಅದೇ ಥರ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣ ಸ್ವಯಂ, 2017ರಿಂದ ಇದೆ. ಶಾಲೆ ಮಕ್ಕಳಿಗೆ ದೀಕ್ಷಾ ಆ್ಯಪ್, ನಮ್ಮ ರಾಜ್ಯದ ಪಠ್ಯಪುಸ್ತಕದಲ್ಲಿ ಪಾಠದ ಪಕ್ಕ ಕ್ಯೂಆರ್ ಕೋಡ್ ಇರುತ್ತಲ್ಲ, ಎಷ್ಟೋ ಅಪ್ಪ ಅಮ್ಮಂದಿರು ಅದನ್ನ ಪ್ರಿಂಟಿಂಗ್ ಗುರುತು ಅಂದ್ಕೊಂಡಿದಾರೆ, ಅದನ್ನ ಈ ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಪಾಠದ ವೀಡಿಯೋನೋ ಅಭ್ಯಾಸವೋ ತೆರ್ಕೊಳ್ಳುತ್ತೆ. ಖಾನ್ ಅಕಾಡೆಮಿದೂ ಕನ್ನಡದಲ್ಲಿ ಸಿಗುತ್ತೆ.

ನೋಡೋ ರೀತಿ

ಮೊದಲನೇ ಸಲ ಸುಮ್ನೆ ಓಡಿಸಿ, ಬೇಕಾದ್ರೆ ಸ್ಪೀಡ್ ಒಂದೂವರೆ ಇಟ್ಟು. ಒಟ್ಟು ಏನು ಮಾಡ್ತಿದಾರೆ, ಏನೇನು ಸಾಮಾನು ಬೇಕು ಅಂತ ಗೊತ್ತಾದ್ರೆ ಸಾಕು. ಎರಡನೇ ಸಲ ಸಾಮಾನು ಮುಂದೆ ಇಟ್ಕೊಂಡು ಕೂತ್ಕೊಳ್ಳಿ, ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಮಾಡಿ. ಮೂರನೇ ಸಲ ವೀಡಿಯೋ ಇಲ್ದೇ ಮಾಡಿ, ಎಲ್ಲಿ ಕೈ ನಿಂತುಹೋಗುತ್ತೋ ಆ ಜಾಗ ಮಾತ್ರ ವಾಪಸ್ ನೋಡಿ. ಈ ಮೂರನೇದನ್ನ ಯಾರೂ ಮಾಡಲ್ಲ. ಅಸಲಿಗೆ ಕಲಿತಿದೀರಾ ಇಲ್ವಾ ಅಂತ ಗೊತ್ತಾಗೋದೇ ಅಲ್ಲಿ, ನೋಡ್ತಿರುವಾಗ ಎಲ್ಲ ಗೊತ್ತು ಅನ್ಸುತ್ತೆ, ವೀಡಿಯೋ ಆಫ್ ಮಾಡಿದ ತಕ್ಷಣ ಮೊದಲನೇ ಗಂಟು ಎಡಕ್ಕೋ ಬಲಕ್ಕೋ ಅಂತ ಡೌಟು.

ಇದಕ್ಕೆ ಕೆಲವು ಕೀಗಳು ಗೊತ್ತಿದ್ರೆ ತುಂಬ ಸುಲಭ. ಕಂಪ್ಯೂಟರಲ್ಲಿ ಯೂಟ್ಯೂಬ್ ನೋಡುವಾಗ ಕೆ ಒತ್ತಿದ್ರೆ ನಿಲ್ಲುತ್ತೆ, ಜೆ ಒತ್ತಿದ್ರೆ ಹತ್ತು ಸೆಕೆಂಡ್ ಹಿಂದೆ, ಎಲ್ ಒತ್ತಿದ್ರೆ ಹತ್ತು ಸೆಕೆಂಡ್ ಮುಂದೆ. ನಿಲ್ಲಿಸಿದ ಮೇಲೆ ಕಾಮಾ ಮತ್ತೆ ಫುಲ್‌ಸ್ಟಾಪ್ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತೆ, ಕ್ರೋಶಾ, ಹೊಲಿಗೆ, ತಬಲಾ ಬೆರಳು ಇಂಥದ್ದಕ್ಕೆ ಇದು ವರ. ಮೊಬೈಲಲ್ಲಾದ್ರೆ ಸ್ಕ್ರೀನಿನ ಎಡಗಡೆ ಎರಡ್ಸಲ ತಟ್ಟಿದ್ರೆ ಹತ್ತು ಸೆಕೆಂಡ್ ಹಿಂದಕ್ಕೆ. ಕೈ ಕೆಲಸದ ವೀಡಿಯೋ ಆದ್ರೆ ಸ್ಪೀಡ್ 0.5 ಇಟ್ಟು ನೋಡಿ, ಮಾತು ವಿಚಿತ್ರವಾಗಿ ಕೇಳುತ್ತೆ, ಮ್ಯೂಟ್ ಮಾಡ್ಕೊಳ್ಳಿ.

ಡೇಟಾ ಉಳಿಸೋಕೆ ಕ್ವಾಲಿಟಿ ಕಮ್ಮಿ ಮಾಡೋದು ಸರಿ, ಬೋರ್ಡ್ ಮುಂದೆ ನಿಂತು ಮಾತಾಡೋ ಪಾಠಕ್ಕೆ 360 ಸಾಕು, ಆದ್ರೆ ಸ್ಕ್ರೀನ್ ರೆಕಾರ್ಡಿಂಗ್ ಪಾಠಕ್ಕೆ 720ಕ್ಕಿಂತ ಕಮ್ಮಿ ಇಟ್ರೆ ಅಕ್ಷರವೇ ಓದೋಕಾಗಲ್ಲ, ಆಮೇಲೆ ಹೇಳಿಕೊಟ್ಟೋರಿಗೆ ಬೈಬೇಡಿ.

ದಾರಿ ತಪ್ಪೋದರ ಬಗ್ಗೆನೂ ಒಂದು ಮಾತು. ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸೋದು ನೋಡೋಕೆ ಹೋದೋರು ಒಂದು ಗಂಟೆ ಆದ್ಮೇಲೆ ಯಾರದ್ದೋ ಮದುವೆ ವೀಡಿಯೋ ನೋಡ್ತಿರ್ತಾರೆ. ಆಟೋಪ್ಲೇ ಆಫ್ ಮಾಡಿ, ಇದು ಕಡ್ಡಾಯ. ಇನ್ನೂ ಬೇಕಂದ್ರೆ ಕಲಿಯೋಕಂತಾನೇ ಬೇರೆ ಒಂದು ಅಕೌಂಟ್ ಮಾಡಿ ಅದರ ವಾಚ್ ಹಿಸ್ಟರಿ ಆಫ್ ಇಡಿ, ಆಗ ಹೋಮ್ ಪೇಜ್ ಹೆಚ್ಚುಕಮ್ಮಿ ಖಾಲಿಯಾಗೇ ಕಾಣುತ್ತೆ, ಹುಡುಕಿದ್ದು ಮಾತ್ರ ಬರುತ್ತೆ. ವಾಚ್ ಲೇಟರ್‌ಗೆ ಹಾಕೋ ಅಭ್ಯಾಸಾನೂ ಬಿಡಿ, ಅದು ಅಟ್ಟದ ಮೇಲೆ ಹಾಕಿದ ಸಾಮಾನಿದ್ದ ಹಾಗೆ, ಯಾವತ್ತೂ ಕೆಳಗಿಳಿಯಲ್ಲ.

ನಂಬಬಹುದಾ ಅಂತ ನೋಡೋದು

ಡಿಸ್‌ಲೈಕ್ ಎಷ್ಟು ಅನ್ನೋದನ್ನ ಯೂಟ್ಯೂಬ್ 2021ರಲ್ಲೇ ಮುಚ್ಚಿಬಿಡ್ತು, ಹಾಗಾಗಿ ಈಗ ಕಾಮೆಂಟೇ ಗತಿ. ಕಾಮೆಂಟ್‌ಗಳನ್ನ ಹೊಸದು ಮೊದಲು ಬರೋ ಹಾಗೆ ಮಾಡ್ಕೊಂಡು ಓದಿ, "ಸೂಪರ್ ಸಾರ್" ಅನ್ನೋದನ್ನೆಲ್ಲ ದಾಟಿ "ನಾನು ಮಾಡ್ದೆ, ಹಿಂಗಾಯ್ತು" ಅನ್ನೋದನ್ನ ಹುಡುಕಿ. ಮಾಡಿ ತೋರಿಸೋರಿಗೂ ಬರೀ ಹೇಳೋರಿಗೂ ವ್ಯತ್ಯಾಸ ನೋಡಿ, ಕೊನೇಲಿ ಆದ ವಸ್ತು ತೋರಿಸಿದ್ರಾ, ಮಧ್ಯದಲ್ಲಿ ಕಟ್ ಮಾಡಿ ಹಾರಿಸಿದ್ರಾ, ಅಳತೆ ಹೇಳಿದ್ರಾ ಅಥವಾ "ಸ್ವಲ್ಪ" "ಒಂದಿಷ್ಟು" ಅಂತ ತೇಲಿಸಿದ್ರಾ. ಒಂದೇ ವಿಷಯಕ್ಕೆ ಸಂಬಂಧ ಇಲ್ಲದ ಎರಡು ಮೂರು ಜನರ ವೀಡಿಯೋ ನೋಡಿ, ಎಲ್ಲರೂ ಒಪ್ಪೋ ಭಾಗ ಹಿಡ್ಕೊಳ್ಳಿ. ಖಾಯಿಲೆಗೆ ಔಷಧಿ, ಕರೆಂಟ್ ವೈರಿಂಗ್, ಗ್ಯಾಸ್, ಕೀಟನಾಶಕದ ಪ್ರಮಾಣ, ಷೇರಿಗೆ ದುಡ್ಡು ಹಾಕೋದು, ಈ ಐದನ್ನ ಮಾತ್ರ ಬರೀ ವೀಡಿಯೋ ನಂಬಿ ಮಾಡ್ಬೇಡಿ. ಬೆಳೆ ವಿಷಯ ಆದ್ರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಫೋನ್ ಹಾಕೋಕೆ ಎಷ್ಟು ಹೊತ್ತು.

ಈಗ ನೀವೇ ಮಾಡೋದು

ನಂಗೇನು ಗೊತ್ತು ಅಂತ ವೀಡಿಯೋ ಮಾಡ್ಲಿ ಅನ್ನೋರೇ ಜಾಸ್ತಿ. ನಿಮ್ಮನ್ನ ಜನ ಫೋನ್ ಮಾಡಿ ಪದೇ ಪದೇ ಏನು ಕೇಳ್ತಾರೆ ಯೋಚನೆ ಮಾಡಿ, ಅದೇ ನಿಮ್ಮ ಮೊದಲ ವೀಡಿಯೋ. ಹಪ್ಪಳದ ಹಿಟ್ಟಿನ ಹದ, ಪಂಪ್‌ಸೆಟ್ ಸ್ಟಾರ್ಟರ್ ಟ್ರಿಪ್ ಆದ್ರೆ ಮೊದಲು ಏನು ನೋಡ್ಬೇಕು, ಸೀರೆಗೆ ಕುಚ್ಚು ಕಟ್ಟೋದು, ಎಂಟನೇ ಕ್ಲಾಸಿನ ಒಂದೇ ಒಂದು ಲೆಕ್ಕ. ಒಂದು ವೀಡಿಯೋಗೆ ಒಂದೇ ಕೆಲಸ. "ಅಡಿಕೆ ಕೃಷಿ ಸಂಪೂರ್ಣ ಮಾಹಿತಿ" ಅಂತ ಒಂದು ಗಂಟೆ ಮಾಡಿದ್ರೆ ಯಾರಿಗೂ ಬೇಡ.

ಒಂದು ಉದಾಹರಣೆ ತಗೊಂಡು ಪೂರ್ತಿ ನೋಡೋಣ, ಮಲೆನಾಡು ಕಡೆ ಮಳೆಗಾಲಕ್ಕೆ ಮುಂಚೆ ಎಲ್ಲರ ಮನೇಲೂ ನಡೆಯೋ ಕೆಲಸ, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟನ್ನ ಸುಣ್ಣದ ನೀರಿಗೆ ಸೇರಿಸಿ ಮಾಡೋ ಔಷಧಿ) ಮಾಡೋದು. ಹಳಬರಿಗೆ ಇದು ನೀರು ಕುಡಿದಷ್ಟು ಸುಲಭ, ಆದ್ರೆ ಬೆಂಗಳೂರಿಂದ ಕೆಲಸ ಬಿಟ್ಟು ತೋಟಕ್ಕೆ ವಾಪಸ್ ಬಂದಿರೋ ಹುಡುಗರಿಗೆ ಗೊತ್ತಿಲ್ಲ, ಅಪ್ಪನ್ನ ಕೇಳಿದ್ರೆ "ಅಷ್ಟೂ ಗೊತ್ತಿಲ್ವಾ" ಅಂತಾರೆ ಅಂತ ಕೇಳೋದೂ ಇಲ್ಲ. ಅಂಥ ಹುಡುಗನಿಗೆ ಅಂತ ಈ ವೀಡಿಯೋ ಮಾಡಿ. ಒಬ್ಬ ನೋಡುಗ ಕಣ್ಣ ಮುಂದೆ ಇದ್ರೆ ಏನು ಹೇಳ್ಬೇಕು, ಏನು ಬಿಡ್ಬೇಕು ಅಂತ ತಾನಾಗೇ ಗೊತ್ತಾಗುತ್ತೆ.

ಕ್ಯಾಮೆರಾ ಮುಟ್ಟೋಕೆ ಮುಂಚೆ ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಹಾಕಿ. ಎಡಗಡೆ ಕಾಣೋದು, ಬಲಗಡೆ ಹೇಳೋದು. ಸ್ಪೋಕನ್ ಟ್ಯುಟೋರಿಯಲ್‌ನವರೂ ಸ್ಕ್ರಿಪ್ಟ್ ಬರೆಯೋದು ಹೀಗೇ ಎರಡು ಕಾಲಮ್ಮಲ್ಲಿ. ಉದಾಹರಣೆಗೆ ಎಡಗಡೆ: ತಕ್ಕಡಿ ಮೇಲೆ ಮೈಲುತುತ್ತ, ಅಂಕಿ ಓದೋ ಹಾಗೆ ಹತ್ತಿರದಿಂದ. ಬಲಗಡೆ: "ನೂರು ಲೀಟರ್ ದ್ರಾವಣಕ್ಕೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ಇದು ಶೇಕಡಾ 1ರ ಲೆಕ್ಕ." ಎಡಗಡೆ: ಎರಡು ಪ್ಲಾಸ್ಟಿಕ್ ಡ್ರಮ್. ಬಲಗಡೆ: "50 ಲೀಟರಲ್ಲಿ ತುತ್ತ, ಇನ್ನೊಂದು 50 ಲೀಟರಲ್ಲಿ ಸುಣ್ಣ. ಕಬ್ಬಿಣದ ಡ್ರಮ್ ಬೇಡ, ತಾಮ್ರ ಅದರ ಜೊತೆ ಪ್ರತಿಕ್ರಿಯೆ ಮಾಡುತ್ತೆ." ಎಡಗಡೆ: ತುತ್ತದ ನೀರನ್ನ ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯೋದು, ಇನ್ನೊಬ್ಬರು ಕೋಲಲ್ಲಿ ತಿರುಗಿಸೋದು. ಬಲಗಡೆ: "ತುತ್ತ ಸುಣ್ಣಕ್ಕೆ ಹೋಗ್ಬೇಕು, ಸುಣ್ಣ ತುತ್ತಕ್ಕಲ್ಲ." ಇಲ್ಲಿ ಒಂದು ಚೂರು ನಿಲ್ಲಿ. ನೋಡೋರು ಪಾಜ್ ಒತ್ತೋದು ಇಲ್ಲೇ, ಅವರಿಗೆ ನಿಲ್ಲಿಸೋಕೆ ಜಾಗ ಕೊಡಿ, ಆ ದೃಶ್ಯ ಎರಡು ಮೂರು ಸೆಕೆಂಡ್ ಸುಮ್ನೆ ಇರಲಿ, ತಕ್ಷಣ ಮುಂದಿನ ಮಾತಿಗೆ ಹಾರಬೇಡಿ.

ಆಮೇಲೆ ಚೂರಿ ಪರೀಕ್ಷೆ. ಚೆನ್ನಾಗಿ ಉಜ್ಜಿ ಹೊಳೆಯೋ ಹಾಗೆ ಮಾಡಿದ ಕಬ್ಬಿಣದ ಚೂರಿಯನ್ನ ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅದರ ಮೇಲೆ ಕೆಂಪು ಕಂದು ಬಣ್ಣ ಕೂತಿದ್ರೆ ತಾಮ್ರದ ಅಂಶ ಜಾಸ್ತಿ ಇದೆ ಅಂತ, ಇನ್ನಷ್ಟು ಸುಣ್ಣದ ತಿಳಿ ಹಾಕಿ ಮತ್ತೆ ನೋಡ್ಬೇಕು, ಬಣ್ಣ ಕೂರದೇ ಇದ್ರೆ ಸರಿ ಇದೆ. ಈಗ ಹೇಳಿ, ಆ ಕೆಂಪು ಕಂದು ಹೆಂಗಿರುತ್ತೆ ಅಂತ ಬರೆದು ತಿಳಿಸೋಕಾಗುತ್ತಾ? ವೀಡಿಯೋ ಬೇಕಾಗೋದೇ ಇದಕ್ಕೆ. ಬಣ್ಣ ಕೂತ ಚೂರಿ ಒಂದು, ಕೂರದ ಚೂರಿ ಒಂದು, ಎರಡನ್ನೂ ಪಕ್ಕಪಕ್ಕ ಬಿಳಿ ಬಟ್ಟೆ ಮೇಲಿಟ್ಟು ಹತ್ತಿರದಿಂದ ತೋರಿಸಿ. ಅಂದ್ರೆ ಬೇಕಂತಲೇ ಸುಣ್ಣ ಕಮ್ಮಿ ಹಾಕಿ ಒಂದು ಬಕೆಟ್ ಮಾಡಿ ಇಟ್ಕೋಬೇಕು. ಹೆಚ್ಚಿನ ವೀಡಿಯೋಗಳಲ್ಲಿ ಸರಿಯಾಗಿದ್ದು ಮಾತ್ರ ತೋರಿಸ್ತಾರೆ, ಕೆಟ್ಟಿದ್ದು ಹೆಂಗೆ ಕಾಣುತ್ತೆ ಅಂತ ತೋರ್ಸಲ್ಲ, ಕಲಿಯೋನಿಗೆ ಎರಡನೇದೇ ಜಾಸ್ತಿ ಬೇಕು. ಹಪ್ಪಳಕ್ಕೂ ಹಾಗೇ, ನೀರು ಜಾಸ್ತಿಯಾದ ಹಿಟ್ಟು ಲಟ್ಟಣಿಗೆಗೆ ಹೆಂಗೆ ಅಂಟ್ಕೊಳ್ಳುತ್ತೆ ಅಂತ ತೋರ್ಸಿ.

ಮಾಡಿದ ದ್ರಾವಣ ಅವತ್ತೇ ಹೊಡೆದು ಮುಗಿಸ್ಬೇಕು ಅನ್ನೋದನ್ನ ಕೊನೇಲಿ ಹೇಳಿ. ಮತ್ತೆ ಕೈಗೆ ಗ್ಲೌಸು, ಮುಖಕ್ಕೆ ಬಟ್ಟೆ ಹಾಕ್ಕೊಂಡೇ ಶೂಟ್ ಮಾಡಿ, ಗ್ಲೌಸ್ ಹಾಕ್ಕೊಳ್ಳಿ ಅಂತ ಬರೀ ಮಾತಲ್ಲಿ ಹೇಳಿ ಬರಿಗೈಲಿ ತಿರುಗಿಸಿದ್ರೆ ಜನ ನೋಡೋದು ಕೈನ.

ಶೂಟಿಂಗ್: ದುಬಾರಿ ಏನೂ ಬೇಡ

ಈಗಿನ ಯಾವ ಫೋನಾದ್ರೂ ಸಾಕು, 1080ರಲ್ಲಿ ತೆಗೀರಿ, 4ಕೆ ಇಟ್ರೆ ಫೋನ್ ತುಂಬೋದು ಬಿಟ್ರೆ ಲಾಭ ಇಲ್ಲ. ಲೆನ್ಸ್ ಒರೆಸಿ, ಜೇಬಲ್ಲಿದ್ದ ಫೋನಿನ ಲೆನ್ಸ್ ಮೇಲೆ ಎಣ್ಣೆ ಕೂತಿರುತ್ತೆ. ಏರೋಪ್ಲೇನ್ ಮೋಡ್ ಹಾಕಿ. ಫೋನ್ ಅಡ್ಡ ಹಿಡೀರಿ, ಮೂರು ನಿಮಿಷದೊಳಗಿನ ಶಾರ್ಟ್ಸ್ ಆದ್ರೆ ಮಾತ್ರ ನೆಟ್ಟಗೆ. ಸ್ಕ್ರೀನ್ ಮೇಲೆ ಬೇಕಾದ ಜಾಗದಲ್ಲಿ ಬೆರಳು ಒತ್ತಿ ಹಿಡಿದ್ರೆ ಫೋಕಸ್ ಲಾಕ್ ಆಗುತ್ತೆ, ಇಲ್ಲಾಂದ್ರೆ ಕೈ ಅಡ್ಡ ಬಂದಾಗೆಲ್ಲ ಮಸುಕಾಗುತ್ತೆ. ಬೆಳಕು ನಿಮ್ಮ ಹಿಂದೆ ಬೇಡ, ಮುಂದೆ ಇರಲಿ, ಕಿಟಕಿ ಪಕ್ಕ ಬೆಳಿಗ್ಗೆ ಹೊತ್ತು ಒಳ್ಳೇದು.

ಕೈ ಕೆಲಸ ತೋರಿಸುವಾಗ ಎದುರಿಂದ ತೆಗೀಬೇಡಿ. ಎದುರಿಂದ ತೆಗೆದ್ರೆ ನಿಮ್ಮ ಬಲಗೈ ನೋಡೋರಿಗೆ ಎಡಗಡೆ ಕಾಣುತ್ತೆ, ಕ್ರೋಶಾ ಕಲಿಯೋರು ಅಲ್ಲೇ ಸೋಲೋದು. ನಿಮ್ಮ ಹೆಗಲ ಮೇಲಿಂದ ಅಥವಾ ನೇರ ಮೇಲಿಂದ ತೆಗೀರಿ, ಟ್ರೈಪಾಡ್ ಇಲ್ಲಾಂದ್ರೆ ಎರಡು ಸ್ಟೂಲ್ ಮಧ್ಯೆ ಹಲಗೆ ಇಟ್ಟು, ಅಂಚಿಂದ ಲೆನ್ಸ್ ಮಾತ್ರ ಹೊರಗೆ ಬರೋ ಹಾಗೆ ಫೋನ್ ಮಲಗಿಸಿ ಮೇಲೊಂದು ಪುಸ್ತಕ ಇಟ್ರೆ ಆಯ್ತು.

ಚಿತ್ರ ಸ್ವಲ್ಪ ಮಂಕಾಗಿದ್ರೆ ಜನ ಸಹಿಸ್ತಾರೆ, ಧ್ವನಿ ಕೇಳದಿದ್ರೆ ಅರ್ಧ ನಿಮಿಷದಲ್ಲಿ ಹೋಗ್ತಾರೆ. ಫ್ಯಾನ್ ಆಫ್ ಮಾಡಿ, ಪಕ್ಕದ ಮನೆ ಮಿಕ್ಸಿ ನಿಲ್ಲೋವರೆಗೂ ಕಾಯಿರಿ. ವೈರ್ ಇರೋ ಇಯರ್‌ಫೋನಿನ ಮೈಕೇ ಸಾಕು, ಅಂಗಿಗೆ ಪಿನ್ ಹಾಕಿ ಬಾಯಿಂದ ಒಂದು ಗೇಣು ದೂರ ಇಟ್ಕೊಳ್ಳಿ. ಮೊದಲು ಅರ್ಧ ನಿಮಿಷ ರೆಕಾರ್ಡ್ ಮಾಡಿ ಕೇಳಿ, ಆಮೇಲೆ ಪೂರ್ತಿ ಶುರು ಮಾಡಿ. ಗಲಾಟೆ ಜಾಗ ಆದ್ರೆ ಚಿತ್ರ ಅಲ್ಲಿ ತೆಗೆದು ಮಾತನ್ನ ಮನೇಲಿ ಕೂತು ಸೇರಿಸಿ.

ಭಾಷೆ ನಿಮ್ಮದೇ ಇರಲಿ. ಧಾರವಾಡದವರು ಧಾರವಾಡದ ಹಾಗೆ, ಕುಂದಾಪುರದವರು ಅವರ ಹಾಗೆ ಮಾತಾಡಿ, ನ್ಯೂಸ್ ಓದೋರ ಥರ ಬೇಡ. "ಹಾಯ್ ಫ್ರೆಂಡ್ಸ್ ವೆಲ್ಕಮ್ ಬ್ಯಾಕ್" ಅಂತ ಒಂದು ನಿಮಿಷ, ಸಬ್‌ಸ್ಕ್ರೈಬ್ ಮಾಡಿ ಅಂತ ಇನ್ನೊಂದು ನಿಮಿಷ, ದಯವಿಟ್ಟು ಇದನ್ನ ಬಿಡಿ. ಮೊದಲ ಹತ್ತು ಸೆಕೆಂಡಲ್ಲಿ ಮುಗಿದ ಕೆಲಸ ತೋರಿಸಿ, ಬೇಕಾದ ಸಾಮಾನು ಹೇಳಿ, ಶುರು ಮಾಡಿ.

ಕಂಪ್ಯೂಟರ್ ಪಾಠ ಆದ್ರೆ ಓಬಿಎಸ್ ಸ್ಟುಡಿಯೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಫೋನಲ್ಲಿ ಈಗ ಸ್ಕ್ರೀನ್ ರೆಕಾರ್ಡರ್ ಬಂದೇ ಬಂದಿರುತ್ತೆ. ಅಕ್ಷರ ದೊಡ್ಡದು ಮಾಡ್ಕೊಳ್ಳಿ, ನೋಡೋರು ಹೆಚ್ಚಿನವರು ಮೊಬೈಲಲ್ಲಿ ನೋಡ್ತಾರೆ. ನೋಟಿಫಿಕೇಷನ್ ಆಫ್. ಆನ್‌ಲೈನ್ ಅರ್ಜಿ ಹಾಕೋದು ತೋರಿಸುವಾಗ ಆಧಾರ್ ನಂಬರ್, ಓಟಿಪಿ, ಫೋನ್ ನಂಬರ್ ಎಲ್ಲ ಬಯಲಾಗಿ ಕಾಣೋ ವೀಡಿಯೋಗಳು ಎಷ್ಟಿವೆ ಅಂದ್ರೆ ನೋಡಿದ್ರೆ ಭಯ ಆಗುತ್ತೆ.

ಎಡಿಟಿಂಗ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ, ಬೇಡದ್ದು ಕಟ್ ಮಾಡೋದು ಕಲಿತ್ರೆ ಸಾಕು, ಫೋನಲ್ಲಿ ಇನ್‌ಶಾಟ್, ಕಂಪ್ಯೂಟರಲ್ಲಿ ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ಸಿನಿಮಾ ಹಾಡು ಹಾಕ್ಬೇಡಿ, ಕಾಪಿರೈಟ್ ಕ್ಲೈಮ್ ಬರುತ್ತೆ. ಹಿನ್ನೆಲೆಗೆ ಏನಾದ್ರೂ ಬೇಕೇ ಬೇಕು ಅಂದ್ರೆ ಯೂಟ್ಯೂಬ್ ಸ್ಟುಡಿಯೋದ ಆಡಿಯೋ ಲೈಬ್ರರಿಲಿ ಫ್ರೀ ಇದೆ. ಪಾಠಕ್ಕೆ ಮ್ಯೂಸಿಕ್ ಯಾಕೆ ಅನ್ನೋದು ನನ್ನ ಪ್ರಶ್ನೆ.

ಅಪ್ಲೋಡ್

ಮೊದಲು ಪಬ್ಲಿಕ್ ಮಾಡ್ಬೇಡಿ, ಅನ್‌ಲಿಸ್ಟೆಡ್ ಅಂತ ಇಡಿ, ಲಿಂಕ್ ಇದ್ದೋರಿಗೆ ಮಾತ್ರ ಕಾಣುತ್ತೆ. ಆ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಕಳಿಸಿ, ಆದ್ರೆ ಪಕ್ಕದಲ್ಲಿ ಕೂತು ಅವರು ನೋಡ್ತಾ ಮಾಡೋದನ್ನ ನೋಡಿ, ಬಾಯಿ ಬಿಡಬೇಡಿ. ಎಲ್ಲಿ ಹಿಂದಕ್ಕೆ ಎಳೀತಾರೋ, ಎಲ್ಲಿ ಕೈ ತಡವರಿಸುತ್ತೋ ಬರ್ಕೊಳ್ಳಿ, ಆ ಭಾಗ ಮಾತ್ರ ಮತ್ತೆ ಶೂಟ್ ಮಾಡಿ ಸೇರ್ಸಿ. ಯೂಟ್ಯೂಬಿಗೆ ಒಂದ್ಸಲ ಹಾಕಿದ ವೀಡಿಯೋನ ಅದೇ ಲಿಂಕಲ್ಲಿ ಬದಲಾಯಿಸೋಕಾಗಲ್ಲ, ಸ್ವಲ್ಪ ಕತ್ತರಿಸಬಹುದು ಅಷ್ಟೇ, ಹಾಗಾಗಿ ಈ ಹೆಜ್ಜೆ ಬಿಡಬೇಡಿ. ಆಮೇಲೆ ಏನಾದ್ರೂ ತಿದ್ದುಪಡಿ ಇದ್ರೆ ಕಾಮೆಂಟಲ್ಲಿ ಬರೆದು ಪಿನ್ ಮಾಡ್ಬೇಕು.

ಟೈಟಲ್ ಅಲ್ಲಿ ಕೆಲಸದ ಹೆಸರು, ಅಳತೆ, ಯಾವುದಕ್ಕೆ ಅಂತ ಇರಲಿ. "ಅಡಿಕೆಗೆ ಬೋರ್ಡೋ ದ್ರಾವಣ: 100 ಲೀಟರ್ ಮಾಡೋ ಕ್ರಮ, ಚೂರಿ ಪರೀಕ್ಷೆ ಸಹಿತ." ಬಾಯಿ ತೆರೆದ ಮುಖ, ಕೆಂಪು ಬಾಣ, "ಶಾಕಿಂಗ್" ಎಲ್ಲ ಬೇಡ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕೋರಿಗಾಗಿ ಡಿಸ್ಕ್ರಿಪ್ಷನ್ ಒಳಗೆ ಆ ಥರಾನೂ ಒಂದು ಸಾಲು ಬರೀರಿ. ಅಲ್ಲೇ ಸಾಮಾನು ಮತ್ತೆ ಅಳತೆ ಪೂರ್ತಿ ಹಾಕಿ, ಅಂಗಡಿಗೆ ಹೋದಾಗ ವೀಡಿಯೋ ಓಡಿಸೋಕೆ ಆಗಲ್ಲ, ಓದೋಕಾಗುತ್ತೆ. ಟೈಪ್ ಮಾಡೋಕೆ ಬೇಜಾರಾದ್ರೆ ಜಿಬೋರ್ಡ್ ಅನ್ನೋ ಗೂಗಲ್ ಕೀಬೋರ್ಡಲ್ಲಿ ಕನ್ನಡ ಇಟ್ಟು ಮೈಕ್ ಒತ್ತಿ ಮಾತಾಡಿ.

ಇನ್ನು ಚಾಪ್ಟರ್. ಇದು ಪಾಜ್ ಒತ್ತೋರಿಗೆ ನೀವು ಮಾಡೋ ದೊಡ್ಡ ಉಪಕಾರ. ಡಿಸ್ಕ್ರಿಪ್ಷನ್‌ನಲ್ಲಿ ಒಂದೊಂದು ಸಾಲಿಗೆ ಒಂದೊಂದು ಟೈಮು ಮತ್ತೆ ಆ ಭಾಗದ ಹೆಸರು ಬರೀಬೇಕು, ಮೊದಲನೇದು 0:00 ಇಂದಲೇ ಶುರು ಆಗ್ಬೇಕು, ಕಮ್ಮಿ ಅಂದ್ರೆ ಮೂರು ಇರ್ಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಚಿಕ್ಕದಾಗ್ಬಾರ್ದು. 0:00 ಸಾಮಾನು, 0:50 ತುತ್ತ ಕರಗಿಸೋದು, 2:10 ಸುಣ್ಣ, 3:20 ಸೇರಿಸೋದು, 4:40 ಚೂರಿ ಪರೀಕ್ಷೆ, ಹೀಗೆ. ಆಗ ಚೂರಿ ಪರೀಕ್ಷೆ ಮಾತ್ರ ಬೇಕಾದೋರು ನೇರ ಅಲ್ಲಿಗೆ ಹೋಗ್ತಾರೆ.

ಹೊಸ ಅಕೌಂಟಾದ್ರೆ 15 ನಿಮಿಷಕ್ಕಿಂತ ಉದ್ದ ವೀಡಿಯೋ ಹೋಗಲ್ಲ, ಫೋನ್ ನಂಬರ್ ಕೊಟ್ಟು ವೆರಿಫೈ ಮಾಡ್ಕೋಬೇಕು. ಮಕ್ಕಳಿಗಾಗಿ ಮಾಡಿದ್ದಾ ಅಂತ ಒಂದು ಪ್ರಶ್ನೆ ಬರುತ್ತೆ, ನಾಲ್ಕನೇ ಕ್ಲಾಸಿನ ಪಾಠ ಆದ್ರೆ ಹೌದು ಅಂತಾನೇ ಕೊಡಿ, ಅದಕ್ಕೆ ಕಾಮೆಂಟ್ ಬರಲ್ಲ. ಮೇಷ್ಟ್ರುಗಳಿಗೆ ಒಂದು ಮಾತು, ಮಕ್ಕಳ ಮುಖ ತೋರಿಸೋಕೆ ಮುಂಚೆ ಅಪ್ಪ ಅಮ್ಮನ್ನ ಕೇಳಿ. ಲೈಸೆನ್ಸ್ ಅನ್ನೋ ಕಡೆ ಕ್ರಿಯೇಟಿವ್ ಕಾಮನ್ಸ್ ಆರಿಸಿದ್ರೆ ನಿಮ್ಮ ಹೆಸರು ಹೇಳಿ ಬೇರೆಯವರೂ ಅದನ್ನ ಬಳಸ್ಕೋಬಹುದು, ತುಳುಗೋ ಕೊಂಕಣಿಗೋ ಡಬ್ ಮಾಡ್ಬಹುದು.

ದುಡ್ಡಿನ ಮಾತು ಎಲ್ಲರೂ ಕೇಳ್ತಾರೆ. ಜಾಹೀರಾತಿನ ದುಡ್ಡು ಬರೋಕೆ 1,000 ಸಬ್‌ಸ್ಕ್ರೈಬರ್ ಮತ್ತೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ನೋಡಿರ್ಬೇಕು ಅಥವಾ ಶಾರ್ಟ್ಸ್‌ಗೆ 90 ದಿನದಲ್ಲಿ 1 ಕೋಟಿ ವ್ಯೂ ಬರ್ಬೇಕು. ಕುಚ್ಚು ಕಟ್ಟೋ ವೀಡಿಯೋಗೆ ಅದು ಬಂದ್ರೆ ಸಂತೋಷ, ಅದನ್ನೇ ಲೆಕ್ಕ ಹಾಕ್ತಾ ಕೂತ್ರೆ ಮೂರನೇ ವೀಡಿಯೋಗೇ "ಶಾಕಿಂಗ್" ಬಂದ್ಬಿಡುತ್ತೆ.

ಹಾಕಿದ ಮೇಲೆ

ವಾಟ್ಸಾಪಲ್ಲಿ ವೀಡಿಯೋನೇ ಕಳಿಸ್ಬೇಡಿ, ಕ್ವಾಲಿಟಿ ಹೋಗುತ್ತೆ, ಚೂರಿ ಬಣ್ಣ ಕಾಣಲ್ಲ, ಲಿಂಕ್ ಕಳಿಸಿ. ಇನ್ನೂ ಒಳ್ಳೇದು ಅಂದ್ರೆ ಜನರನ್ನ ಕೂರಿಸಿ ತೋರಿಸೋದು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಡಿಜಿಟಲ್ ಗ್ರೀನ್ ಅಂತ ಒಂದು ಪ್ರಾಜೆಕ್ಟ್ ಶುರು ಆಯ್ತು, ಕರ್ನಾಟಕದ ಹಳ್ಳಿಗಳಲ್ಲೇ ಮೊದಲು ಮಾಡಿ ನೋಡಿದ್ದು. ಊರಿನ ರೈತರನ್ನೇ ಇಟ್ಟು ಸಣ್ಣ ವೀಡಿಯೋ ಮಾಡೋದು, ಸಂಜೆ ಗುಂಪಿಗೆ ತೋರಿಸೋದು, ತೋರಿಸೋಕೆ ಊರಿನೋರೇ ಒಬ್ಬರು ಇರ್ತಿದ್ರು, ಅವರ ಮುಖ್ಯ ಕೆಲಸ ಏನಂದ್ರೆ ವೀಡಿಯೋನ ಮಧ್ಯೆ ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳೋದು. ಮತ್ತೆ ಪಾಜ್ ಬಟನ್ನೇ ನೋಡಿ! ತೋರಿಸಿದೋರು ತಮ್ಮಂಥವರೇ, ತಮ್ಮ ಮಾತೇ ಆಡ್ತಾರೆ ಅಂದಾಗ ಜನ ಬೇಗ ನಂಬ್ತಾರೆ ಅನ್ನೋದೂ ಅವರ ಅನುಭವಕ್ಕೆ ಬಂತು.

ನೀವೂ ಮಾಡ್ಬಹುದು, ಹಾಲಿನ ಡೈರಿ ಮುಂದೆ, ಸಂಘದ ಮೀಟಿಂಗಲ್ಲಿ, ಶಾಲೆಯ ಟೀವೀಲಿ. ನೆಟ್‌ವರ್ಕ್ ನಂಬ್ಕೊಂಡು ಹೋಗ್ಬೇಡಿ, ಡೌನ್‌ಲೋಡ್ ಮಾಡಿಟ್ಕೊಳ್ಳಿ. ತುತ್ತವನ್ನ ಸುಣ್ಣಕ್ಕೆ ಹೊಯ್ಯೋಕೆ ಮುಂಚೆ ನಿಲ್ಲಿಸಿ "ಈಗ ಯಾವುದನ್ನ ಯಾವುದಕ್ಕೆ ಹಾಕ್ಬೇಕು" ಅಂತ ಕೇಳಿ, ಉತ್ತರ ಬಂದ ಮೇಲೆ ಓಡಿಸಿ. ಅವರು ಕೇಳೋ ಪ್ರಶ್ನೆ ಬರ್ಕೊಳ್ಳಿ. "ಮಳೆ ಬಂದ್ರೆ ತೊಳೆದು ಹೋಗಲ್ವಾ, ಎಷ್ಟು ದಿನಕ್ಕೆ ಮತ್ತೆ ಹೊಡೀಬೇಕು" ಅಂತ ನಾಲ್ಕು ಜನ ಕೇಳಿದ್ರೆ ಮುಂದಿನ ವೀಡಿಯೋ ಯಾವುದು ಅಂತ ಗೊತ್ತಾಯ್ತಲ್ಲ.

ಕಾಮೆಂಟಿಗೆ ಉತ್ತರ ಕೊಡುವಾಗ "ವೀಡಿಯೋ ಪೂರ್ತಿ ನೋಡಿ" ಅಂತ ಹೇಳಿ ಕೈ ತೊಳ್ಕೋಬೇಡಿ. ಉತ್ತರದಲ್ಲಿ 4:40 ಅಂತ ಟೈಮ್ ಬರೆದ್ರೆ ಅದೇ ನೀಲಿ ಲಿಂಕ್ ಆಗಿ ಒತ್ತಿದ ತಕ್ಷಣ ಆ ಜಾಗಕ್ಕೆ ಹೋಗುತ್ತೆ. ವಾಟ್ಸಾಪಲ್ಲಿ ಕೇಳಿದೋರಿಗಾದ್ರೆ ಕಂಪ್ಯೂಟರಲ್ಲಿ ಆ ಜಾಗದಲ್ಲಿ ವೀಡಿಯೋ ನಿಲ್ಲಿಸಿ, ಶೇರ್ ಒತ್ತಿ, ಕೆಳಗಡೆ ಟೈಮ್ ಇರೋ ಬಾಕ್ಸಿಗೆ ಟಿಕ್ ಹಾಕಿ ಲಿಂಕ್ ಕಾಪಿ ಮಾಡಿ ಕಳಿಸಿ, ಅವರ ಫೋನಲ್ಲಿ ವೀಡಿಯೋ ನೇರ ಚೂರಿ ಅದ್ದೋ ಜಾಗದಿಂದಲೇ ಶುರುವಾಗುತ್ತೆ.